ಗಳದ ತುದಿಯ ತಾಟು

ಅಂಬುಲೆನ್ಸಿನ ಬಾಗಿಲು ಹಾಕಿದ ಸದ್ದು, ಓಣಿಯ ತುದಿಯಲ್ಲಿ, ಅದು ಒಂದೇ ಸಲಕ್ಕೆ ಹಾಕಿಕೊಳ್ಳುವ ಬಾಗಿಲಲ್ಲ, ಡ್ರೈವರ್ ಹೊಳೆಯಪ್ಪ ಇಳಿದು ಬಂದು ಇನ್ನೊಮ್ಮೆ ದೂಡಬೇಕು, ದೂಡಿದ, ಅಂದರೆ ಅಮ್ಮಿ ದವಾಖಾನೆಯ ನರ್ಸ್ ಪಾಳಿ ಮುಗಿಸಿ ಬಂದಳು, ಇನ್ನು ಹಿಂದಿನ ಸಂದಿಯಿಂದ ಹಿತ್ತಲಿಗೆ ಬರುತ್ತಾಳೆ, ಹಂಡೆಯ ನೀರು ಕಾದಿದೆ, ಬದಲಿಸಲು ಸೀರೆ, ಒಗೆಯುವ ಕಲ್ಲಿನ ಮೇಲಿದೆ, ತಾಟಿನಲ್ಲಿ ಖಜೂರ, ಕಲ್ಲಂಗಡಿ ಹೋಳು, ಮಿರ್ಚಿ ಭಜಿ, ಎಲ್ಲ ಸರಿಯಾಗಿದೆ, ನಾನು ಎಲ್ಲವನ್ನೂ ಸರಿಯಾಗಿಯೇ ಮಾಡುತ್ತೇನೆ — ಗಳ? ಗಳ ಗೋಡೆಗೆ ಒರಗಿದೆ. ಬಟ್ಟೆ ಒಣಹಾಕುವ ತಂತಿಯನ್ನು ಎತ್ತಿ ಹಿಡಿಯುವ ಬಿದಿರಿನ ಗಳ, ತುದಿಯಲ್ಲಿ ಕವಲು, ಈ ರಂಜಾನ್ ಹಿಡಿದಾಗಿನಿಂದ ಅದಕ್ಕೆ ಬೇರೆ ಕೆಲಸ. ಹೊಸ್ತಿಲ ಹೊರಗೆ ತಾಟಿಟ್ಟು ಕವಲಿನಿಂದ ದೂಡುತ್ತೇನೆ, ತಾಟು ಹಾಸುಗಲ್ಲನ್ನು ಕರ್ ಎಂದು ಕೆರೆಯುತ್ತ ಹೋಗುತ್ತದೆ, ಆ ತುದಿಗೆ ಅಮ್ಮಿ ಕೂತಿರುತ್ತಾಳೆ, ನಾನು ಗಳ ಹಿಂದಕ್ಕೆಳೆದುಕೊಂಡ ಮೇಲೆಯೇ ಕೈ ಚಾಚುತ್ತಾಳೆ. ಮೊದಲ ದಿನ ನಕ್ಕಿದ್ದಳು, ಹಮ್ಮಿಗಿಯ ಹೊಳೆಯ ದಂಡೆಯಲ್ಲಿ ಬೆಳೆದವಳು, ಏನ ನಿಶಾತ, ತೆಪ್ಪಾ ನೂಕಿದಂಗ ನೂಕ್ತಿಯಲ್ಲ, ದಂಡಿ ಮುಟ್ಟತೈತಿಲ್ಲೋ, ಅಂತ, ನಾನೂ ನಕ್ಕೆ, ಒಳಗೆ ಅಬ್ಬಾನೂ ನಕ್ಕರು, ಮರುದಿನದಿಂದ ಯಾರೂ ನಗಲಿಲ್ಲ, ಸದ್ದು ಮಾತ್ರ ಹಾಗೇ ಇತ್ತು. ದೂರ ಇರ್ರಿ ಅಂದದ್ದು ಅಬ್ಬಾ, ಅವರಿಗೆ ಸಕ್ಕರೆ ಕಾಯಿಲೆ, ಎದೆಯಲ್ಲಿ ಹಳೆಯ ಕೆಮ್ಮು, ಹೊಲಿಗೆ ಅಂಗಡಿ ಮುಚ್ಚಿ ಮನೆಯಲ್ಲೇ ಮಾಸ್ಕ್ ಹೊಲಿಯುತ್ತಾರೆ, ಅಷ್ಟೇ ಅಂದದ್ದು, ಗಳ ನನ್ನ ವಿಚಾರ. ಗದಗಿನ ಕಾಲೇಜಿನಲ್ಲಿ ಬಿ.ಎ. ಮಾಡಿದವಳು ನಾನು, ಆರು ಅಡಿ ಎಂದು ಮೊಬೈಲಿನಲ್ಲಿ ಓದಿ, ಗಳವನ್ನು ನೆಲಕ್ಕೆ ಮಲಗಿಸಿ, ಅಬ್ಬಾನ ಟೇಪು ಹಿಡಿದು ಅಳೆದವಳು, ಶಾಣ್ಯಾಕಿ ನೋಡ ನನ್ನ ಮಗಳು ಅಂದರು ಅಬ್ಬಾ, ನನಗೆ ಖುಷಿಯಾಗಿತ್ತು, ಹೌದು, ಖುಷಿಯೇ. ದಿನಾ ರಾತ್ರಿ ಬರೆಯುತ್ತೇನೆ, ಬಿಸಿಲು, ಓಣಿಯ ಮೌನ, ಮಸೀದಿಯ ಖಾಲಿ ಅಂಗಳ, ಗಳದ ಬಗ್ಗೆ ಬರೆದಿಲ್ಲ, ಗಳದ ಬಗ್ಗೆ ಏನು ಬರೆಯುವುದು. ರೋಜಾ ಬಿಡುವಾಗ ಮೊದಲ ಖಜೂರವನ್ನು ನಮ್ಮ ಮನೆಯಲ್ಲಿ ಯಾರೂ ತಮ್ಮ ಕೈಯಿಂದ ತಿನ್ನುವುದಿಲ್ಲ, ಅಜ್ಜಿಯ ಕಾಲದಿಂದ ಬಂದ ರೂಢಿ, ಅಮ್ಮಿ ಅಬ್ಬಾನ ಬಾಯಿಗಿಡುತ್ತಾಳೆ, ಅಬ್ಬಾ ನನಗೆ, ನಾನು ಅಮ್ಮಿಗೆ, ಒಂದೇ ತಾಟಿನ ಸುತ್ತ ಮೂವರು, ಈ ವರ್ಷ ನಾನು ಅಬ್ಬಾಗೆ, ಅಬ್ಬಾ ನನಗೆ, ಅಮ್ಮಿ ಅಲ್ಲಿ ಕಲ್ಲಿನ ಹತ್ತಿರ ಗೋಡೆಯ ಕಡೆ ಮುಖ ಮಾಡಿ — ತಾನೇ ತಿನ್ನುವುದು ನಮಗೆ ಕಾಣಬಾರದೆಂದೋ ಏನೋ.

ಸಂದಿಯಲ್ಲಿ ಬಂದದ್ದು ಅಮ್ಮಿಯಲ್ಲ, ಗುಲಾಬಿ ಸೀರೆ, ಆಶಾ ಕೆಲಸದ ಅಮೃತವ್ವ, ಅಮ್ಮಿಯ ಕೂಡ ಮನೆಮನೆ ತಿರುಗುವವಳು, ಹಂಡೆಯ ಆಚೆಯೇ ನಿಂತಳು, ಮೂಗಿನ ಮೇಲೆ ಮಾಸ್ಕಿನ ಗುರುತು ಹುಣ್ಣಾಗಿದೆ. ಯವ್ವಾ ನಿಶಾತ, ಹೆದರಬ್ಯಾಡ, ನಿಮ್ಮವ್ವಗ ಮುಂಜಾನಿಂದ ಜ್ವರ, ಕೊರೋನಾ ಅಂತ ರಿಪೋರ್ಟ್ ಬಂದೈತಿ, ಆಕ್ಸಿಜನ್ ಹಚ್ಚ್ಯಾರ, ರಾತ್ರಿ ನೋಡಿ ಬೇಕಾದ್ರ ಗದಗಕ್ಕ ಕಳಸ್ತಾರ, ಆದ್ರ ಒಂದ ತುತ್ತು ಒಳಗ ಹೋಗವಲ್ದು, ನಾ ತಿನಸಾಕ ಹೋದೆ, ಡಾಕ್ಟರಬಾಯಿ ಹೋದ್ರು, ಹೊಳೆಯಪ್ಪ ಸುದ್ದಾ ಬಾಳಿಹಣ್ಣ ಸುಲಕೊಂಡು ನಿಂತಿದ್ದ, ಒಲ್ಲೆ ಒಲ್ಲೆ ಅಂತಾಳ, ನೀ ಬಾ, ದಿನಾ ನಿನ್ನ ಕೈಲೇನ ಮೊದಲನೇ ಖಜೂರ ತಿಂತಾಳಲ್ಲ. ಯಾರು ಅಂದರು, ನಾನು ಕೇಳಿದೆನೋ ಇಲ್ಲವೋ. ನಿಮ್ಮವ್ವನ, ಮತ್ಯಾರು, ನನ್ನ ಮಗಳ ಯಾರ ಮಾತೂ ಕೇಳಂಗಿಲ್ಲ, ದೂರ ಇರ ಅಂದ್ರೂ ಬಾಜೂಕ ಕುಂಡ್ರತಾಳ, ಬಾಯಾಗಿಟ್ಟ ಏಳತಾಳ ಅಂತ ದಿನಾ ಹೇಳತಾಳ, ನನ್ನ ಸೊಸಿ ಬೇವಿನ ಗಿಡದ ಬುಡಕ್ಕ ನನಗ ತಾಟಿಡತಾಳ, ದಿಲಶಾದಕ್ಕಾ, ಆ ಮಗಳನ್ನ ನನಗ ಎರವಲ ಕೊಡ, ಅಂತ ನಾವೆಲ್ಲ ಕಾಡಸ್ತಿದ್ವಿ. ಹೇಳುತ್ತ ಹೇಳುತ್ತ ಅವಳ ಕಣ್ಣು ಒಗೆಯುವ ಕಲ್ಲಿಗೆ ಹೋಯಿತು, ಹೊಸ್ತಿಲಿನಲ್ಲಿದ್ದ ತಾಟಿಗೆ, ಗೋಡೆಗೊರಗಿದ ಗಳಕ್ಕೆ, ಹಾಸುಗಲ್ಲಿನ ಮೇಲೆ ದಿನವೂ ತಾಟು ಕೆರೆದ ಬಿಳಿ ಗೆರೆಗೆ, ಸೆರಗು ಸರಿಮಾಡಿಕೊಂಡಳು, ಬಾ ಯವ್ವಾ, ಹೊತ್ತಾಗತೈತಿ, ಅಷ್ಟೇ. ಬೈಯಬಹುದಿತ್ತು. ಒಳಗೆ ಹೊಲಿಗೆ ಯಂತ್ರ ನಿಂತಿದೆ, ಅಬ್ಬಾನ ದನಿ, ಅಕಿ ಹೋದ್ರ ಮತ್ತ ಮನಿಗಿ ಹೆಂಗ ಬರ್ತಾಳ, ಅಮೃತವ್ವ ಅಂದಳು, ನಾವೆಲ್ಲಾರೂ ಹೆಂಗ ಬರ್ತೀವೋ ಹಂಗ ಬರ್ತಾಳ್ರಿ. ಒಂದು ಖಜೂರ ಮುಷ್ಟಿಯಲ್ಲಿ ಹಿಡಿದೆ, ಹೊಸ್ತಿಲು ದಾಟಿದೆ, ಹಾಸುಗಲ್ಲು ಅಂಗಾಲಿಗೆ ಇನ್ನೂ ಬಿಸಿ, ಒಗೆಯುವ ಕಲ್ಲು ಬಂದೇಬಿಟ್ಟಿತು, ಇಷ್ಟೇನಾ ದೂರ, ಇಷ್ಟು ದೂರಕ್ಕೆ ಗಳ ಬೇಕಾಗಿತ್ತೇ.

ಗಾಡಿಯಲ್ಲಿ ಬ್ಲೀಚಿಂಗ್ ವಾಸನೆ, ಅಮೃತವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಾಳೆ, ಅವಳಿಗೆ ಗೊತ್ತು, ನನಗೆ ಗೊತ್ತು, ಮುಂಡರಗಿಯ ಬಜಾರು ಮುಚ್ಚಿದೆ, ಅಜಾನ್ ಆಗುತ್ತದೆ, ಹೊಳೆಯಪ್ಪ ಗಾಡಿ ನಿಲ್ಲಿಸಿ ನೀರಿನ ಬಾಟಲಿ ಹಿಂದಕ್ಕೆ ಚಾಚುತ್ತಾನೆ, ರೋಜಾ ಬಿಡ ತಂಗಿ, ನಿಮ್ಮವ್ವಗ ದಿನಾ ಇಲ್ಲೇ ನಿಲ್ಲಸಲೇನ ಅಂತ ಕೇಳ್ತಿದ್ದೆ, ಬ್ಯಾಡೋ ಹೊಳೆಯಪ್ಪಾ, ಮಗಳ ಬಾಯಿ ಕಟಕೊಂಡ ಕುಂತಿರತಾಳ, ಜಲ್ದಿ ಹೊಡಿ ಅಂತಿದ್ದಳು. ಹಾಗಾದರೆ ಸುಳ್ಳಿಗಾಗಿ ಅಮ್ಮಿ ನೀರೂ ಕುಡಿಯದೆ ಓಡಿ ಬರುತ್ತಿದ್ದಳು, ನನ್ನ ಮಾನ ಕಾಯಲು, ಅವಳು ಓಡಿ ಬಂದು ಕಲ್ಲಿನ ಹತ್ತಿರ ಕೂತರೆ ನಾನು — ಬಾಟಲಿ ಹಾಗೇ ಹಿಂದಿರುಗಿಸಿದೆ, ಅಮ್ಮಿ ತಿಂದ ಮೇಲೆ ಅಂದೆ, ನೋಡ, ಅಕ್ಕಾರು ಹೇಳಿದ್ದು ಖರೆ ಐತಿ, ಅಂದ ಹೊಳೆಯಪ್ಪ, ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ, ಆ ನಗೆಯನ್ನು ಎಲ್ಲಿಡಲಿ. ದವಾಖಾನೆಯಲ್ಲಿ ನೆಲ ಒರೆಸುತ್ತಿದ್ದವರು ಎದ್ದು ನಿಂತಾಗ ಗೊತ್ತಾಯಿತು, ಡಾಕ್ಟರ್ ನರ್ಮದಾ ಅವರೇ, ಕಸದವಳಿಗೂ ಜ್ವರವಂತೆ, ಹೊಳೆಯಪ್ಪ ಬಂದವನೇ ಸಿಲಿಂಡರ್ ಉರುಳಿಸಿಕೊಂಡು ಒಳಗೆ ಹೋದ, ಅಮೃತವ್ವ ನನಗೆ ಪಿಪಿಇ ಕಿಟ್ ತೊಡಿಸಿದಳು, ಸಂದುಗಳಿಗೆ ಟೇಪು ಸುತ್ತಿದಳು, ಇಲ್ಲಿ ಯಾರ ಕೆಲಸ ಯಾರದೆಂದು ಯಾರೂ ಕೇಳುವುದಿಲ್ಲ, ಒಬ್ಬರ ಬೆನ್ನಿನ ಗಂಟು ಇನ್ನೊಬ್ಬರು ಬಿಗಿಯುತ್ತಾರೆ, ಇವರಾರೂ ಅಮ್ಮಿಯ ರಕ್ತ ಸಂಬಂಧದವರಲ್ಲ. ಬಾರವ್ವಾ, ನಿನ್ನ ದಾರೀನ ಕಾಯಾಕತ್ತಿದ್ವಿ, ಡಾಕ್ಟರಬಾಯಿ ಅನ್ನುತ್ತಾರೆ, ಮನಿಯಾಗ ನಿನ್ನಂಥಾಕಿ ಇದ್ದದ್ದಕ್ಕ ಅಕಿ ಇಲ್ಲಿ ಇಷ್ಟು ದುಡದ್ಲು, ಒಂದೊಂದು ಮಾತೂ ಕಲ್ಲಿನ ಮೇಲೆ ಕೆರೆದ ಹಾಗೆ, ಇಲ್ಲರಿ ಎನ್ನಬೇಕು, ನಾನಲ್ಲರಿ, ಸುಳ್ಳರಿ ಅದು, ಎಂದರೆ ಅಮ್ಮಿ ಸುಳ್ಳುಗಾತಿಯಾಗುತ್ತಾಳೆ, ಎನ್ನದಿದ್ದರೆ ನಾನು. ಅವರ ಹಿಂದೆ ಒಳಗೆ ನಡೆದೆ.

ಮೂಲೆಯ ಮಂಚ, ಅಮ್ಮಿ ಇಷ್ಟು ಸಣ್ಣವಳೇ, ಕಿಟ್ಟಿನೊಳಗಿದ್ದರೂ ಕಣ್ಣಿನಿಂದಲೇ ಗುರುತು ಹಿಡಿದಳು, ಡಾಕ್ಟರಬಾಯಿ ಆಕ್ಸಿಜನ್ ಮಾಸ್ಕನ್ನು ಸ್ವಲ್ಪ ಎತ್ತಿ ಹಿಡಿದರು, ಹೂಂ, ಇಡ ಬಾಯಾಗ, ನಾನು ಬಾಗಿದೆ, ಗ್ಲೌಸಿನ ಬೆರಳುಗಳಲ್ಲಿ ಖಜೂರ — ಅಮ್ಮಿ ದಿಂಬಿಗೆ ಒತ್ತಿಕೊಂಡು ಹಿಂದೆ ಸರಿದಳು, ಚಾದರದೊಳಗಿನಿಂದ ಕೈ ತೆಗೆದು ಮಂಚದ ಕಾಲುದೆಸೆಯನ್ನು ತೋರಿಸಿದಳು, ಅಲ್ಲಿಡು, ಅಲ್ಲಿ, ದೂರ, ಕೈ ಕಾಯುತ್ತಿದೆ, ನಾನು ಇಟ್ಟು ಹಿಂದೆ ಸರಿಯುವುದನ್ನು ಕಾಯುತ್ತಿದೆ. ಅಮೃತವ್ವ ನೆಲ ನೋಡಿದಳು. ಡಾಕ್ಟರಬಾಯಿ, ಏನ ದಿಲಶಾದಬಿ, ಮಗಳ ಬಂದಾಳ, ಅಂದರು, ಆಗ ಅಮ್ಮಿಗೆ ಸುತ್ತ ಇವರೆಲ್ಲ ಇರುವುದು ನೆನಪಾಯಿತು, ತನ್ನ ಮಾತು ನೆನಪಾಯಿತು, ಕೈ ಮೆಲ್ಲಗೆ ಒಳಗೆ ಹೋಯಿತು, ಆ ಕಡೆ, ಒಂದು ಉಸಿರು, ಚಾದರ ಸರಸು ಅಂದೆನ್ರಿ, ಇನ್ನೊಂದು ಉಸಿರು, ಮತ್ತೆ ಬಾಯಿ ತೆರೆದಳು, ನನ್ನ ಸಲುವಾಗಿ, ಇಷ್ಟಗಲ, ಇಟ್ಟೆ, ತುಟಿ ತಾಗಿತು, ಬಿಸಿ, ಎಲ್ಲರೂ ಹಗುರಾದರು, ಹೊಳೆಯಪ್ಪ ಬಾಗಿಲಲ್ಲಿ ನಿಂತು ಆತ ಬಿಡ ಇನ್ನ ಅಂದ, ನನ್ನ ಕೈ ಮಾತ್ರ ಗಾಳಿಯಲ್ಲೇ, ಬಿದಿರಿನ ಹಾಗೆ ಉದ್ದ, ಆ ತುದಿಗೆ ಅಮ್ಮಿ ಅಗಿಯುತ್ತಿದ್ದಾಳೆ, ನನ್ನನ್ನೇ ನೋಡುತ್ತ, ಕಾಯುತ್ತ, ಗಳ ಹಿಂದಕ್ಕೆಳೆದುಕೊಳ್ಳಲಿ ಎಂದು, ತಾಟು, ಹಾಸುಗಲ್ಲು, ಬಿಳಿ ಗೆರೆ, ಗಳ —