ಓಟಿ ಬಿಟ್ಟ ಬೇಸಿಗೆ

೧೯೮೫ರ ಬೇಸಿಗೆಯಲ್ಲಿ ಯಶವಂತಪುರದ, ವಿದ್ಯುತ್ ರಿಲೇ ಸ್ವಿಚ್ಚು ಮಾಡುವ ಕಾರ್ಖಾನೆಗೆ ಇಂಗ್ಲೆಂಡಿನಿಂದ ಡೋರೀನ್ ಎಂಬ ಹೆಂಗಸು ಬಂದಳು. ಅದೇ ಕಂಪನಿಯ ಅಲ್ಲಿನ ಕಾರ್ಖಾನೆಯಲ್ಲಿ ತಾಮ್ರದ ತಂತಿಯ ಕಾಯಿಲ್ ಸುತ್ತುವವಳು, ಯೂನಿಯನ್ನಿನವಳು. ಮ್ಯಾನೇಜರು ಒಳಗೆ ಬಿಡಲಿಲ್ಲ. ಗೇಟಿನೆದುರಿನ ಟೀ ಅಂಗಡಿಯಲ್ಲಿ ಕೂತು ಇಲ್ಲಿನ ಯೂನಿಯನ್ ಕಾರ್ಯದರ್ಶಿ ಜಹೀರಾಳೊಡನೆ ಮಾತಾಡಿದಳು. ಜಹೀರಾಳ ತಮ್ಮ ಜಾಫರ್ ಇಂಗ್ಲಿಷನ್ನು ಬಿಡಿಸಿ ಹೇಳಿದ.

"ಅವರ ಫ್ಯಾಕ್ಟರಿ ಮುಚ್ತಾರಂತೆ, ಸ್ಟ್ರೈಕ್ ಮಾಡ್ತಿದಾರೆ. ಅವರ ಆರ್ಡರನ್ನೆಲ್ಲ ನಿಮ್ಮತ್ರ ಓಟಿ ಕೊಟ್ಟು, ಹೆಚ್ಚು ಹೊತ್ತು ದುಡಿಸಿ ಮಾಡಿಸ್ತಾರಂತೆ. ಮಾಡಬೇಡಿ ಅಂತಿದಾಳೆ."

ಮರುದಿನ ಜಹೀರಾ ಊಟದ ಹೊತ್ತಿಗೆ ಎಲ್ಲರನ್ನೂ ಸೇರಿಸಿದಳು. ಗಂಡ ತೀರಿಹೋದ ಮೇಲೆ ಬಾಗಲಕೋಟೆಯಿಂದ ಬಂದು ಮೂರು ಮಕ್ಕಳನ್ನು ಸಾಕುತ್ತಿದ್ದ ರತ್ನಕ್ಕ ಎದ್ದು ನಿಂತಳು.

"ಆಕಿ ಕೆಲಸ ಉಳೀಲಿಕ್ಕೆ ನನ್ನ ಓಟಿ ಹೋಗಬೇಕೇನವ್ವಾ?"

"ಇವತ್ತು ಅವಳದು, ರತ್ನಕ್ಕಾ. ನಾಳೆ ನಮ್ದೂ ಹೀಗೇ ಹೋಗುತ್ತೆ."

ಸಂಜೆ ಸೈರನ್ ಆದಾಗ ಓಟಿಗೆ ನಿಲ್ಲದೆ ಎಲ್ಲರಿಗಿಂತ ಮೊದಲು ರತ್ನಕ್ಕನೇ ಗೇಟು ದಾಟಿದಳು. ಆ ಬೇಸಿಗೆಯಿಡೀ ಯಾರೂ ಓಟಿ ಮಾಡಲಿಲ್ಲ. ಓಟಿಯ ದುಡ್ಡಿಲ್ಲದೆ ರತ್ನಕ್ಕನ ಹಿರಿಮಗಳು ಶಾಲೆ ಬಿಟ್ಟು ಊದುಬತ್ತಿ ಹೊಸೆಯಲು ಕೂತಳು. ಅದನ್ನು ಕೇಳಿದ ಮೇಲೆ ಜಹೀರಾಳಿಗೆ ರತ್ನಕ್ಕನ ಮುಖ ನೋಡುವುದೇ ಕಷ್ಟವಾಯಿತು.

ಇಂಗ್ಲೆಂಡಿನ ಕಾರ್ಖಾನೆ ಉಳಿಯಿತು. ಉಳಿದದ್ದು ಎರಡೇ ವರ್ಷ. ಆಮೇಲೆ ಕಂಪನಿ ಅಲ್ಲಿಯದನ್ನೂ ಇಲ್ಲಿಯದನ್ನೂ ಮುಚ್ಚಿ, ಕಾಯಿಲ್ ಕೆಲಸವನ್ನೆಲ್ಲ ಮಲೇಷ್ಯಾದ ಪೆನಾಂಗಿಗೆ ಸಾಗಿಸಿತು. ಅಲ್ಲಿ ಸುಂಕವಿಲ್ಲ, ಯೂನಿಯನ್ ಕಟ್ಟಲೂ ಬಿಡುವುದಿಲ್ಲ ಎಂದು ಸುದ್ದಿ.

"ಸಾಕಾಯ್ತು ನನಗೆ," ಎಂದಳು ಜಹೀರಾ.

"ಸಾಕಂದ್ರ ಹೆಂಗ? ಈ ಕಂಪನಿ ಹಿಂಗ ಮಾಡ್ತದಂತ ಅಲ್ಲಿ ಹುಡುಗ್ಯಾರಿಗೆ ಯಾರು ಹೇಳ್ತಾರ?" ಎಂದು ರತ್ನಕ್ಕನೇ ಬೈದಳು.

ಜೊತೆಗೆ ಕೆಲಸ ಮಾಡಿದ್ದ ಖುರ್ಷೀದಳ ನಾದಿನಿಯನ್ನು ಪೆನಾಂಗಿಗೆ ಕೊಟ್ಟಿದ್ದರು. ಆ ನಾದಿನಿ ಅಲ್ಲಿ ಓಡಾಡಿ, ಕಾಯಿಲ್ ಸುತ್ತುವ ತಮಿಳು ಹುಡುಗಿಯೊಬ್ಬಳನ್ನು ಹುಡುಕಿ ಫೋನಿನ ಹತ್ತಿರ ಕರೆತಂದಳು. ಜಹೀರಾ ಅಂಚೆ ಕಚೇರಿಯಿಂದ ಟ್ರಂಕ್ ಕಾಲ್ ಮಾಡಿ, ಮಾರುಕಟ್ಟೆಯಲ್ಲಿ ಕಲಿತ ತಮಿಳಿನಲ್ಲೇ ಎಲ್ಲ ಹೇಳಿದಳು.

"ನಾವು ಕೆಲಸ ನಿಲ್ಲಿಸಿದ್ರೆ ಅದು ನಿಮಗೆ ವಾಪಸ್ ಬರುತ್ತಾ, ಅಕ್ಕಾ?" ಹುಡುಗಿ ಹೆದರಿಕೊಂಡೇ ಕೇಳಿದಳು.

"ಬರಲ್ಲ ಕಣಮ್ಮಾ. ನಿಲ್ಲಿಸು ಅಂತಾನೂ ಹೇಳಲ್ಲ. ಅಲ್ಲಿ ಹೇಗೆ ದುಡಿಸ್ಕೋತಾರೆ, ಅದನ್ನ ಹೇಳು."

ಫೋನಿನ ಲೈನು ಗೊರಗೊರ ಎನ್ನುತ್ತಿತ್ತು. ಹುಡುಗಿ ಮೆಲ್ಲಗೆ ಹೇಳತೊಡಗಿದಳು. ಜಹೀರಾ ಗೋಡೆಗೆ ಹಣೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತ ನಿಂತಳು.