ಮೂವತ್ತೇಳನೆಯ ಪುಸ್ತಕ

ಕಾರ್ಕಳದ ಆ ಶಾಲೆಯ ಐದನೆಯ ತರಗತಿಯಲ್ಲಿ ಶನಿವಾರ ಯಾರಿಗೂ ಹೊಟ್ಟೆನೋವು ಬರುತ್ತಿರಲಿಲ್ಲ. ವಾರವಿಡೀ ನೆಪ ಹುಡುಕುವ ಮಹಾನುಭಾವರೂ ಅಂದು ಬೆಲ್ಲು ಬಾರಿಸುವ ಮೊದಲೇ ಹಾಜರು. ಕಾರಣ, ಸುಭಾಷಿಣಿ ಟೀಚರ ತಗಡಿನ ಪೆಟ್ಟಿಗೆ. ಅದು ನಲವತ್ತು ಕಥೆಪುಸ್ತಕಗಳ ಪೆಟ್ಟಿಗೆ. ಒಂದೊಂದರ ಬೆನ್ನಿಗೂ ಒಂದು ಸಂಖ್ಯೆಯ ಚೀಟಿ. ಪುಸ್ತಕ ಬೇಕಾದರೆ ಕೈ ಚಾಚಿದರಾಗದು, ತಲೆ ಓಡಿಸಬೇಕು. ಟೀಚರ್ ಕರಿಹಲಗೆಯ ಮೇಲೆ ಒಂದೆರಡು ಸುಳಿವು ಬರೆಯುತ್ತಿದ್ದರು: "ನಾಲ್ಕು ಜನ ನನ್ನನ್ನು ಹಂಚಿಕೊಂಡರೆ ಒಬ್ಬೊಬ್ಬರಿಗೂ ನಾಲ್ಕು. ನನ್ನೊಳಗೆ ಒಂದು ಹೇನು ಯುದ್ಧಕ್ಕೆ ಹೊರಟಿದೆ. ನಾನು ಯಾರು?" ಮೊದಲು ಹದಿನಾರು ಎಂದವರಿಗೆ ಹದಿನಾರನೆಯ ಪುಸ್ತಕ, ಸೋಮವಾರದವರೆಗೆ.

ಓದಿದವರಿಗೆ ಒಂದೇ ಕಟ್ಟಳೆ. ಸೋಮವಾರ ಎಲ್ಲರ ಮುಂದೆ ನಿಂತು ಕಥೆಯ ಸುಳಿವು ಕೊಡಬಹುದು. ಕೊನೆಯನ್ನು ಮಾತ್ರ ಯಾರಿಗೂ ಹೇಳಕೂಡದು.

ಮಕ್ಕಳಿಗೆ ಆಟ ರುಚಿಸಿತ್ತು. ಆಡಿಸುವವಳಿಗೆ ಯಾವ ರುಚಿಯೂ ಉಳಿದಿರಲಿಲ್ಲ. ಸುಭಾಷಿಣಿ ಆ ಜೂನ್ ತಿಂಗಳಲ್ಲಿ, ಎಪ್ಪತ್ತೆಂಟನೆಯ ಇಸವಿಯಲ್ಲಿ, ಕಾಪುವಿನಿಂದ ತಾನಾಗಿಯೇ ವರ್ಗ ಕೇಳಿಕೊಂಡು ಬಂದಿದ್ದಳು. ಇಲ್ಲಿ ಅವಳ ಹಿಂದಿನ ಕಥೆ ಯಾರಿಗೂ ಗೊತ್ತಿರಲಿಲ್ಲ. ಅದಕ್ಕಾಗಿಯೇ ಬಂದದ್ದು.

ಆಟವನ್ನು ಹುಟ್ಟುಹಾಕಿದವಳು ಅವಳ ಮಗಳು ಮನೋರಮಾ. ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸದಲ್ಲಿದ್ದ ಗಂಡ ವಿಠಲ ಪುಸ್ತಕಗಳನ್ನು ಒಟ್ಟುಮಾಡಿದ್ದ, ಮಗಳು ಕೂತು ಚೀಟಿ ಅಂಟಿಸಿದ್ದಳು. ಮೆದುಳು ಜ್ವರ ಬಂದು ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದಾಗಲೂ ಅವಳ ತಲೆದಿಂಬಿನ ಅಡಿಯಲ್ಲಿ ಮೂವತ್ತೇಳನೆಯ ಪುಸ್ತಕವಿತ್ತು. ಮಳೆಗಾಲಕ್ಕೆ ಮುಂಚೆ ಕೊಡೆ ಹುಡುಕಲು ಹೊರಟ ಏಡಿಯ ಕಥೆ. ಏಡಿ ಬಸ್ಸಿನ ಸೀಟಿನಡಿ ಸಿಕ್ಕಿಬಿದ್ದಲ್ಲಿಗೆ ಮಗಳು ಕಣ್ಣು ನೋಯುತ್ತದೆಂದು ಓದು ನಿಲ್ಲಿಸಿ, ಕಾಪುವಿನಿಂದ ಬಂದ ಬಸ್ಸಿನ ಟಿಕೆಟನ್ನು ಗುರುತಿಗೆ ಇಟ್ಟಳು.

"ಏಡಿ ಮನೆಗೆ ಮುಟ್ಟುತ್ತದಾ ಅಮ್ಮ?" ಎಂದು ಕೇಳಿದವಳು, ತಾಯಿ ಬಾಯಿ ತೆರೆಯುವಷ್ಟರಲ್ಲಿ ತಾನೇ ತಡೆದಳು. "ಬೇಡ, ಬೇಡ! ಕೊನೆ ಹೇಳಬೇಡ. ಸುಳಿವು ಮಾತ್ರ ಕೊಡು."

"ಕೊಡೆ ಸಿಗುತ್ತದೆ. ಆದರೆ ಅದು ಬಿಲದೊಳಗೆ ಹೋಗುವುದಿಲ್ಲ," ಎಂದಳು ಸುಭಾಷಿಣಿ.

ಮಗಳು ನಕ್ಕು ಕಣ್ಣು ಮುಚ್ಚಿದಳು. ಆಮೇಲೆ ಎಚ್ಚರ ಆಗಲಿಲ್ಲ. ಹೇಳಿಬಿಟ್ಟಿದ್ದರೆ ಗಂಟೇನು ಹೋಗುತ್ತಿತ್ತು? ಕಟ್ಟಳೆಯಂತೆ ಕಟ್ಟಳೆ!

ಅಂದು ನೆಂಟರೆಲ್ಲ ಅತ್ತರು. ಸುಭಾಷಿಣಿ ಅವರ ಮಕ್ಕಳಿಗೆ ಚಾಪೆ ಹಾಸಿ ಮಲಗಿಸಿದಳು. ಅಳು ಅಂದೂ ಬರಲಿಲ್ಲ, ಮತ್ತೂ ಬರಲಿಲ್ಲ. ಉಂಡರೆ ಹೊಟ್ಟೆ ತುಂಬುತ್ತಿತ್ತು, ಉಪ್ಪು ಹೆಚ್ಚೋ ಕಡಿಮೆಯೋ ತಿಳಿಯುತ್ತಿರಲಿಲ್ಲ. ತಾನು ಎಂಥ ತಾಯಿ ಎಂದು ಅವಳಿಗೇ ತನ್ನ ಮೇಲೆ ಅನುಮಾನ ಹುಟ್ಟಿತ್ತು. ಆ ಪುಸ್ತಕವನ್ನು ಅವಳು ಬಾಡಿಗೆ ಕೋಣೆಯಲ್ಲಿ ಸೀರೆಗಳ ನಡುವೆ ಇಟ್ಟಿದ್ದಳು. ತೆರೆದಿರಲಿಲ್ಲ. ತೆರೆದಾಗಲೂ ಏನೂ ಅನಿಸದಿದ್ದರೆ ಎಂಬುದೇ ಅವಳ ಹೆದರಿಕೆ.

ಮಕ್ಕಳ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವೇ? ಅವರು ಹಿಂದಿನ ಗೋಡೆಯಲ್ಲಿ ಇದ್ದಿಲಿನಿಂದ ಒಂದರಿಂದ ನಲವತ್ತರವರೆಗೆ ಬರೆದು, ಬಂದ ಸಂಖ್ಯೆಯನ್ನೆಲ್ಲ ಹೊಡೆದುಹಾಕುತ್ತಿದ್ದರು. ಫೆಬ್ರವರಿಯಲ್ಲಿ ಉಳಿದದ್ದು ಒಂದೇ.

"ಮೂವತ್ತೇಳರಲ್ಲಿ ಚಿನ್ನದ ಹಾಳೆ ಉಂಟಂತೆ," ಎಂದು ಹಿಂದಿನ ಬೆಂಚಿನ ಅಂಗಾರ ಸುದ್ದಿ ಹಬ್ಬಿಸಿದ. ಎಲ್ಲರೂ ನಂಬಿದರು. ಕೊನೆಗೆ ಮುಂದಿನ ಬೆಂಚಿನ ಬರ್ತಾ ಎದ್ದು ನಿಂತಳು.

"ಟೀಚರ್, ದೊಡ್ಡ ಬಹುಮಾನ ಅಂತಲೇ ಮೂವತ್ತೇಳನ್ನು ಕೊನೆಗೆ ಇಟ್ಟದ್ದಲ್ವಾ?"

ಸುಭಾಷಿಣಿ ಗೋಡೆಯನ್ನು ನೋಡಿದಳು. ಸಿಟ್ಟು ಬರಬಹುದೆಂದು ಕಾದಳು, ಬರಲಿಲ್ಲ. "ಹೌದು," ಎಂದುಬಿಟ್ಟಳು. ತರಗತಿ ಹೋ ಎಂದು ಕೂಗಿತು. ಆಡಿದ ಮಾತನ್ನು ನುಂಗುವಂತಿರಲಿಲ್ಲ.

ಅಂದು ಸಂಜೆ ಎಂದಿನಂತೆ ವಿಠಲ ಮಣಿಪಾಲದಿಂದ ಬಸ್ಸಿನಲ್ಲಿ ಬಂದ. ಅವಳು ಅವನ ಮುಂದೆ ಪುಸ್ತಕ ಇಟ್ಟಳು.

"ಮಕ್ಕಳಿಗೆ ಕೊಡುವುದಾ?"

"ಕೊಡುತ್ತೇನೆ ಅಂದುಬಿಟ್ಟೆ."

ಅವನು ಬೇಡವೆಂದರೆ ಬದುಕಿದೆ ಎಂದುಕೊಂಡಿದ್ದಳು. ಅವನು ಪುಸ್ತಕದ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. "ನೂಲು ಸಡಿಲ ಆಗಿದೆ," ಎಂದು ಸೂಜಿ ಕೇಳಿದ. ತಲೆ ತಗ್ಗಿಸಿಕೊಂಡು ಹೊಲಿದ. ಬಸ್ಸಿನ ಟಿಕೆಟನ್ನು ಮುಟ್ಟಲಿಲ್ಲ, ಇದ್ದಲ್ಲಿಯೇ ಬಿಟ್ಟ. ಸುಭಾಷಿಣಿ ಅದನ್ನೆಲ್ಲ ಬೇರೆ ಯಾರದೋ ಮನೆಯ ಕೆಲಸ ನೋಡಿದಂತೆ ನೋಡಿದಳು.

ಮುಂದಿನ ಶನಿವಾರ ಕರಿಹಲಗೆಯಲ್ಲಿ ಬರೆದಳು: "ಇಪ್ಪತ್ತು ದಾಟಿದ್ದೇನೆ, ನಲವತ್ತು ಮುಟ್ಟಿಲ್ಲ. ನನ್ನ ಎರಡು ಅಂಕೆ ಕೂಡಿದರೆ ಹತ್ತು. ಇಬ್ಬರು ಸಮನಾಗಿ ಹಂಚಿಕೊಳ್ಳಲು ಬಂದರೆ ಜಗಳ. ನನ್ನೊಳಗೆ ಒಂದು ಏಡಿ ದಾರಿಯಲ್ಲಿದೆ. ನಾನು ಯಾರು?" ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಹೇಗೆ ಎಂದು ತೋರಿಸಬೇಕಿತ್ತು. ಬರ್ತಾ ಓಡಿಬಂದು, ಇಪ್ಪತ್ತೆಂಟನ್ನು ಇಬ್ಬರಿಗೆ ಹಂಚಬಹುದು, ಮೂವತ್ತೇಳನ್ನು ಆಗುವುದಿಲ್ಲ ಎಂದು ಬರೆದು ಪುಸ್ತಕವನ್ನು ಎದೆಗೊತ್ತಿಕೊಂಡು ಹೋದಳು.

ಸೋಮವಾರ ಬರ್ತಾ ಎಲ್ಲರ ಮುಂದೆ ನಿಂತಳು. "ಚಿನ್ನದ ಹಾಳೆ ಎಂತದೂ ಇಲ್ಲ," ಎಂದು ಮೊದಲು ಅಂಗಾರನ ಮಾನ ಕಳೆದಳು. "ನಡುವೆ ಒಂದು ಬಸ್ಸಿನ ಟಿಕೆಟ್ ಉಂಟು. ಯಾರೋ ಅಲ್ಲಿಗೇ ಓದಿ ನಿಲ್ಲಿಸಿದ್ದಾರೆ. ಈಗ ಸುಳಿವು ಹೇಳ್ತೇನೆ. ಕೊಡೆ ಸಿಗ್ತದೆ, ಆದರೆ..."

"ಸುಳಿವು ಬೇಡ ಬರ್ತಾ," ಎಂದಳು ಸುಭಾಷಿಣಿ. "ಕೊನೆ ಹೇಳು."

ಅಂಗಾರ ಎದ್ದ. "ಕೊನೆ ಹೇಳ್ಬಾರದಲ್ವಾ ಟೀಚರ್?"

"ಒಬ್ಬಳ ಓದು ಅರ್ಧಕ್ಕೆ ನಿಂತಿದೆ. ಅವಳಿಗೆ ಕೇಳಬೇಕು. ಜೋರಾಗಿ ಹೇಳು."

"ಯಾರಿಗೆ ಟೀಚರ್?"

"ನನ್ನ ಮಗಳಿಗೆ."

ಬರ್ತಾ ಬಾಗಿಲ ಕಡೆ ಒಮ್ಮೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಆದರೂ ಟೀಚರ್ ಹೇಳಿದ ಮೇಲೆ ಮುಗಿಯಿತು. ಕೈ ಕಟ್ಟಿ, ಶಾಲೆಯ ಅಂಗಳಕ್ಕೂ ಕೇಳುವ ಹಾಗೆ ಶುರುಮಾಡಿದಳು. ಬಸ್ಸಿನಿಂದ ಇಳಿದ ಏಡಿಗೆ ಕೊಡೆ ಸಿಕ್ಕಿತು. ಅದು ಬಿಲದೊಳಗೆ ಹೋಗಲಿಲ್ಲ. ಏಡಿ ಕೊಡೆಯನ್ನು ಕಪ್ಪೆಗಳಿಗೆ ದೋಣಿ ಮಾಡಿಕೊಳ್ಳಲು ಬಿಟ್ಟುಕೊಟ್ಟಿತು.

"ಏಡಿ ಮನೆಗೆ ಮುಟ್ಟಿತಾ?" ಸುಭಾಷಿಣಿ ಕೇಳಿದಳು.

"ಮುಟ್ಟಿತು ಟೀಚರ್. ಮಳೆಗೆ ಮುಂಚೆಯೇ ಮುಟ್ಟಿತು."

"ಇನ್ನೊಮ್ಮೆ ಹೇಳು."

ಟೀಚರ್ ಅಳುತ್ತಿದ್ದುದನ್ನು ಕಂಡು ಬರ್ತಾ ಹೆದರಿದಳು. ಹೆದರಿಕೊಂಡೇ, ಮೊದಲಿಗಿಂತ ಜೋರಾಗಿ ಇನ್ನೊಮ್ಮೆ ಹೇಳಿದಳು.