ಹತ್ತಕ್ಕೆ ನಾಲ್ಕು ನೋವು

ಯಾರಪ್ಪಾ ಅದು, ಮುದುಕನಿಗೆ ಮರೆವು, ಬಾಯಿಗೆ ಬಂದದ್ದು ಹೇಳ್ತಾನೆ ಅಂದಿದ್ದು? ನಿನ್ನೆ ಏನು ಉಂಡಿರಿ ಅಂತ ಕೇಳಿದರೆ ಫೋನಿನಲ್ಲಿ ಫೋಟೋ ಹುಡುಕುವ ಜನ ನೀವು! ಆಸ್ಪತ್ರೆಯಲ್ಲಿ ಆ ಮಂಚದ ಪಕ್ಕ ಕೂತಿದ್ದವನು ನಾನು. ಸುಮ್ಮನೆ ಕೇಳಿ.

ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಗಣಿತದ ಮೇಷ್ಟ್ರು. ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ವಾಸಿಯಾಗುವುದಿಲ್ಲ ಅಂತ ಹೇಳಿಯಾಗಿತ್ತು. ಅಕ್ಕನಿಗೆ ಬೇಕಾಗಿದ್ದು ಒಂದೇ, ಇರುವಷ್ಟು ದಿನ ಆ ಮನುಷ್ಯ ನೆಮ್ಮದಿಯಾಗಿ ಮಲಗಲಿ. ಎಲ್ಲಿ ಮಲಗುವುದು? ಬೆನ್ನು ಊರಲು ನೋವು ಬಿಡುತ್ತಿರಲಿಲ್ಲ. ಮಂಚದ ತುದಿಯಲ್ಲಿ ಕೂತು, ಊಟದ ಟೇಬಲ್ಲಿನ ಮೇಲೆ ದಿಂಬು, ದಿಂಬಿನ ಮೇಲೆ ಹಣೆ, ಬಾಯಲ್ಲಿ ಟವೆಲ್ಲಿನ ಮೂಲೆ. ಕೂಗು ಆಚೆ ಬರಬಾರದು ಅಂತ ಅದನ್ನು ಕಚ್ಚಿಕೊಂಡಿರುತ್ತಿದ್ದರು.

ಬೆಳಿಗ್ಗೆ ದೊಡ್ಡ ಡಾಕ್ಟರ ಮೆರವಣಿಗೆ. ಎಮ್ಮೆಯ ಹಿಂದೆ ಬೆಳ್ಳಕ್ಕಿಗಳ ಹಾಗೆ ಬಿಳಿ ಕೋಟಿನ ಚಿಕ್ಕ ಡಾಕ್ಟರುಗಳು.

"ಸಾರ್, ನೋವಿಗೆ ಹತ್ತಕ್ಕೆ ಎಷ್ಟು ಕೊಡ್ತೀರಾ?"

ಭಾವ ಕಣ್ಣು ಮುಚ್ಚಿ, ಅಳೆದು ತೂಗಿ, "ನಾಲ್ಕು" ಅನ್ನುತ್ತಿದ್ದರು.

"ವೆರಿ ಗುಡ್!"

ನಾಲ್ಕು ಅಂದರೆ ಒಂದು ಸಾದಾ ಮಾತ್ರೆ. ಮೆರವಣಿಗೆ ಮುಂದಕ್ಕೆ. ಕಚ್ಚಿ ಕಚ್ಚಿ ಹರಿದ ಟವೆಲ್ ದೊಡ್ಡ ಡಾಕ್ಟರ ಮೂಗಿನ ಕೆಳಗೇ ಇತ್ತು. ಅಷ್ಟೊಂದು ಓದಿದ ಆಸಾಮಿಗೆ ಕತ್ತು ಬಗ್ಗಿಸಿ ನೋಡುವುದನ್ನು ಯಾರೂ ಕಲಿಸಿರಲಿಲ್ಲ.

ಇನ್ನೊಬ್ಬ ಮಹಾಶಯ ಇದ್ದ, ಭಾವನ ತಮ್ಮ, ವಕೀಲ. ನಾನು ಮಾರ್ಫಿನ್, ಅದೇ ದೊಡ್ಡ ನೋವಿಗೆ ಕೊಡುವ ಔಷಧಿ, ಅಂತ ಬಾಯಿ ತೆಗೆದರೆ ಸಾಕು, "ಬೇಡ ಬೇಡ, ಚಟ ಹತ್ತಿಬಿಡುತ್ತೆ" ಅನ್ನುವನು.

"ಹತ್ತಲಿ ಬಿಡೋ, ಬುದ್ಧಿವಂತ! ಚಟ ಹತ್ತಿ ಕೆಟ್ಟುಹೋಗೋಷ್ಟು ಆಯಸ್ಸು ನೀನು ಕೊಡ್ತೀಯಾ?" ಅಂದೆ.

ಒಂದು ದಿನ ಮತ್ತೆ ಅದೇ "ನಾಲ್ಕು" ಬಿತ್ತು ನೋಡಿ, ಅಕ್ಕ ಎದ್ದು ನಿಂತಳು.

"ಅಯ್ಯೋ ಡಾಕ್ಟ್ರೇ, ಇವರ ನಾಲ್ಕನ್ನ ನಂಬಬೇಡಿ! ಮದುವೆ ಆದಾಗಿಂದ ನನ್ನ ಅಡುಗೆಗೆ ಮಾರ್ಕ್ಸ್ ಹಾಕ್ತಿದಾರೆ. ಒಂದು ಸಲಾನೂ ಐದು ದಾಟಿಲ್ಲ. ತಟ್ಟೆ ನೆಕ್ಕಿಬಿಟ್ಟು ನಾಲ್ಕು ಅಂತಾರೆ!"

ಬೆಳ್ಳಕ್ಕಿಗಳು ಕಿಸಕ್ಕಂದವು. ಭಾವನಿಗೆ ಕೋಪ.

"ಮುಂದೆ ಇದಕ್ಕಿಂತ ಜಾಸ್ತಿ ನೋವು ಬರಬಹುದಲ್ವೇನೇ? ಈಗಲೇ ಎಂಟು ಕೊಟ್ಟರೆ ಆಗ ಕೊಡೋಕೆ ಏನು ಉಳಿಯುತ್ತೆ?"

"ನೋಡೀಮ್ಮಾ, ರೋಗಿ ಹೇಳಿದ ನಂಬರೇ ನಮಗೆ ಲೆಕ್ಕ" ಅಂದ ಡಾಕ್ಟರ್.

ನನಗೆ ರೇಗಿತು. "ನಂಬರ್ ಒಲೆಗೆ ಹಾಕಿ ಸ್ವಾಮಿ. ಮಲಗಿ ಅಂತ ಹೇಳಿ ಅವರಿಗೆ, ನೋಡೋಣ."

"ಸ್ವಲ್ಪ ಮಲಗಿ ಸಾರ್."

ಪಾಪ, ಡಾಕ್ಟರ್ ಹೇಳಿದ ಅಂತ ಭಾವ ಟವೆಲ್ ಪಕ್ಕಕ್ಕಿಟ್ಟು ಒರಗಲು ಹೋದರು. ಬೆನ್ನು ಹಾಸಿಗೆಗೆ ತಾಗುವ ಮೊದಲೇ ಹೊರಟ ಆ ಕೂಗಿಗೆ ಪಕ್ಕದ ವಾರ್ಡಿನವರು ಬಾಗಿಲಿಗೆ ಬಂದರು. ಅಕ್ಕ ಓಡಿ ಹಿಡಿದುಕೊಂಡಳು.

ಆ ಪುಣ್ಯಾತ್ಮ ತಪ್ಪಾಯಿತು ಅಂದನಾ? ಎಲ್ಲಿಂದ! ಚಿಕ್ಕವರ ಕಡೆ ತಿರುಗಿ, "ನೋವು ಹಠಾತ್ತಾಗಿ ಏರಿದೆ, ಬರ್ಕೊಳ್ಳಿ" ಅಂದ. ಹಠಾತ್ತಂತೆ! ಅವನ ಮೂತಿಗಿಷ್ಟು.

ಅವತ್ತೇ ಮಾರ್ಫಿನ್ ಸಿರಪ್ ಶುರುವಾಯಿತು. ನೋವು ಬರಲಿ ಅಂತ ಕಾಯದೆ, ಹೊತ್ತು ಹೊತ್ತಿಗೆ. ಜೊತೆಗೆ, ಅದರಿಂದ ಮಲ ಕಟ್ಟದಿರಲು ಇನ್ನೊಂದು ಔಷಧಿ. ಮಾರನೆಯ ಮಧ್ಯಾಹ್ನ ಭಾವ ಮೆಲ್ಲಗೆ ಮಗ್ಗುಲಾದರು, ಕಾಲು ಚಾಚಿದರು, ಗೊರಕೆ ಶುರು ಮಾಡಿದರು.

ವಕೀಲ ಗಾಬರಿಬಿದ್ದ. "ಅತ್ತಿಗೆ, ಅಮಲೇರಿದೆ, ಎಬ್ಬಿಸಿ!"

"ಮುಟ್ಟಿದರೆ ಕೈ ಮುರೀತೀನಿ. ಈ ಗೊರಕೆ ಕೇಳಿ ಎಷ್ಟು ದಿನ ಆಯ್ತು ಗೊತ್ತಾ ನಿನಗೆ?" ಅಂದಳು ಅಕ್ಕ. ಅಂದವಳೇ ಕುರ್ಚಿಯಲ್ಲಿ ತಾನೂ ನಿದ್ದೆಹೋದಳು.

ಭಾವ ಉಳಿಯಲಿಲ್ಲ. ಆದರೆ ಹೋಗುವವರೆಗೆ ನೆಮ್ಮದಿಯಾಗಿ ಮಲಗಿದರು, ಎದ್ದಾಗ ಹೆಂಡತಿಯ ಜೊತೆ ಮನಸಾರೆ ಜಗಳ ಆಡಿದರು.

ಬೆಳಗಾದರೆ ಗುಂಪಿಗೆಲ್ಲ ಹೂವಿನ ಚಿತ್ರ ಕಳಿಸುತ್ತೀರಲ್ಲ, ಅದನ್ನು ಬಿಟ್ಟು ಇದನ್ನು ಕಳಿಸಿ. ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತವರಿಗೆ ಮೊದಲು.